ಬೋಟು ನಿಂತ 61 ದಿನ: ಗಣಿತ ಮತ್ತೆ ಕಲಿಯಲು ನಾನು ನೋಡಿದ ನಾಲ್ಕು ದಾರಿ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳು ಮೀನುಗಾರಿಕೆಗೆ ಹೋಗುವ ಹಾಗಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ, ಬಲೆ ರಿಪೇರಿ ನಡೆಯುತ್ತಿರುತ್ತದೆ. ಅಲ್ಲಿ ಒಂದು ಬೋಟಿನ ಲೆಕ್ಕ ಬರೆಯುವುದು ಹನ್ನೆರಡು ವರ್ಷದಿಂದ ನನ್ನ ಕೆಲಸ. ಬೋಟು ನಿಂತರೆ ನನಗೂ ಬಿಡುವು. ಈ ಸಲ ಆ 61 ದಿನವನ್ನೂ ಗಣಿತಕ್ಕೆ ಎತ್ತಿಟ್ಟೆ.

ಕಾರಣ, 36ನೇ ವಯಸ್ಸಿನಲ್ಲಿ ಬಿ.ಕಾಂ.ಗೆ ಸೇರಿದ್ದೇನೆ. ಬಿಸಿನೆಸ್ ಮ್ಯಾಥಮೆಟಿಕ್ಸ್ ಪೇಪರ್ ಇದೆ. ಪಿಯುಸಿಯಲ್ಲಿ ನಾನು ಗಣಿತ ತೆಗೆದುಕೊಂಡಿರಲಿಲ್ಲ. ಅಂದರೆ ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಇಪ್ಪತ್ತು ವರ್ಷ ಗಣಿತದ ಪುಸ್ತಕ ಮುಟ್ಟಿಲ್ಲ. ಲೆಕ್ಕ ಬರುತ್ತದೆ. ಡೀಸೆಲ್, ಐಸ್, ಪಾಲು, ಸೊಸೈಟಿ ಬಡ್ಡಿ, ಇವೆಲ್ಲ ಬೆರಳ ತುದಿಯಲ್ಲಿವೆ. ಒಂದು ಲಕ್ಷಕ್ಕೆ ಶೇ. 12ರಂತೆ ಎರಡು ವರ್ಷಕ್ಕೆ ಸರಳ ಬಡ್ಡಿ 24,000, ಚಕ್ರಬಡ್ಡಿ ಆದರೆ 25,440. ಇದನ್ನು ಹೇಳಲು ನನಗೆ ಕಾಗದ ಬೇಡ. ಆದರೆ ಕಂಸದ ಹೊರಗೆ ಒಂದು ಮೈನಸ್ ಕಂಡರೆ ಕೈ ನಿಂತುಬಿಡುತ್ತಿತ್ತು.

ಮೊದಲು ಹೋಗಿದ್ದು ಟ್ಯೂಷನ್‌ಗೆ. ತಿಂಗಳಿಗೆ 1,500 ರೂಪಾಯಿ, ಸಂಜೆ ಒಂದು ಗಂಟೆ, ಒಂದೇ ಕೋಣೆಯಲ್ಲಿ 25 ಮಕ್ಕಳು. ಕಲಿಸುವವರು ಚೆನ್ನಾಗಿಯೇ ಕಲಿಸುತ್ತಿದ್ದರು. ನೇರವಾಗಿ ಮ್ಯಾಟ್ರಿಕ್ಸ್‌ನಿಂದ, ಅಂದರೆ ಸಂಖ್ಯೆಗಳನ್ನು ಅಡ್ಡ, ಉದ್ದ ಸಾಲುಗಳಲ್ಲಿ ಜೋಡಿಸಿ ಮಾಡುವ ಲೆಕ್ಕದಿಂದ, ಶುರು ಮಾಡಿದರು, ಮೂರು ವಾರದಲ್ಲಿ ಮುಗಿಸಿಯೂ ಬಿಟ್ಟರು. ಒಂದು ದಿನ ಡಿಟರ್ಮಿನೆಂಟ್ ಕೊಟ್ಟರು. ಮೇಲಿನ ಸಾಲಿನಲ್ಲಿ 2, −3. ಕೆಳಗಿನ ಸಾಲಿನಲ್ಲಿ 4, −5. ಸೂತ್ರ ನನಗೆ ಬಾಯಿಪಾಠ ಬಂದಿತ್ತು: ಓರೆಯಾಗಿ ಎದುರಿರುವ ಸಂಖ್ಯೆಗಳನ್ನು ಗುಣಿಸಿ, ಮೊದಲ ಗುಣಲಬ್ಧದಿಂದ ಎರಡನೆಯದನ್ನು ಕಳೆಯಬೇಕು. −10 − (−12) ಎಂದು ಸರಿಯಾಗಿಯೇ ಬರೆದೆ. ಆಮೇಲೆ −22 ಎಂದು ಉತ್ತರ ಬರೆದೆ. ಸರಿಯಾದ ಉತ್ತರ 2. ‘ಸೈನ್ ನೋಡ್ಕೊಳ್ಳಿ’ ಎಂದು ಹೇಳಿ ಅವರು ಮುಂದಿನ ಬೆಂಚಿಗೆ ಹೋದರು. 25 ಜನರ ನಡುವೆ ಅವರಾದರೂ ಇನ್ನೇನು ಮಾಡಲು ಸಾಧ್ಯ? ನನ್ನ ತಪ್ಪು ಇದ್ದದ್ದು ಮ್ಯಾಟ್ರಿಕ್ಸ್‌ನಲ್ಲಿ ಅಲ್ಲ, ಏಳನೇ ತರಗತಿಯ ಪಾಠದಲ್ಲಿ. ಆ ಪಾಠ ಹೇಳಿಕೊಡುವ ಟ್ಯೂಷನ್ ದೊಡ್ಡವರಿಗೆ ಸಿಗುವುದಿಲ್ಲ.

ಹೀಗಾಗಿ ಮೊಬೈಲ್ ಹಿಡಿದೆ. ಖಾನ್ ಅಕಾಡೆಮಿ ಎಂಬ ಆನ್‌ಲೈನ್ ಕಲಿಕೆಯ ತಾಣದ ಗಣಿತ ಕನ್ನಡದಲ್ಲೂ ಇದೆ, ಪೂರ್ತಿ ಉಚಿತ. ಅದರ ಹುಟ್ಟಿನ ಕತೆ ನನಗೆ ತುಂಬಾ ಹತ್ತಿರ ಅನಿಸಿತು. ಅದನ್ನು ಕಟ್ಟಿದ, ಅಮೆರಿಕದಲ್ಲಿದ್ದ ಸಲ್ಮಾನ್ ಖಾನ್ (ನಟ ಅಲ್ಲ) 2004ರಲ್ಲಿ ದೂರದ ಊರಿನಲ್ಲಿದ್ದ ತಮ್ಮ ಸಂಬಂಧಿ ಹುಡುಗಿಗೆ ಪಾಠ ಹೇಳಲು ಶುರು ಮಾಡಿದರು. ಅವಳು ಸಿಕ್ಕಿಬಿದ್ದಿದ್ದು ಅಳತೆಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವ ಲೆಕ್ಕದಲ್ಲಿ. ಮೂಲ ಪಾಠದಲ್ಲಿ ಸಿಕ್ಕಿಬಿದ್ದ ಒಬ್ಬಳಿಗಾಗಿ ಶುರುವಾದದ್ದು ಅದು.

ನೆಗೆಟಿವ್ ಸಂಖ್ಯೆಗಳನ್ನು ಸಂಖ್ಯಾರೇಖೆಯ ಮೇಲೆ ತೋರಿಸುವ ವಿಡಿಯೊವನ್ನು ನಾಲ್ಕು ಸಲ ನೋಡಿದೆ. ನಾಲ್ಕನೇ ಸಲ ನೋಡುವಾಗ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ವಯಸ್ಸಾದ ಮೇಲೆ ಕಲಿಯುವವರಿಗೆ ಇದು ಸಣ್ಣ ಮಾತಲ್ಲ. ಅಭ್ಯಾಸದ ಲೆಕ್ಕದಲ್ಲಿ ತಪ್ಪಿದರೆ ಒಂದೊಂದೇ ಹೆಜ್ಜೆಯ ಸುಳಿವೂ ಸಿಗುತ್ತದೆ. ಆದರೆ ನನ್ನದೇ ಒಂದು ತೊಂದರೆ ಇತ್ತು. ಒಂದು ರಾತ್ರಿ 11 ವಿಡಿಯೊ ನೋಡಿದೆ, ಎಲ್ಲವೂ ಅರ್ಥವಾದ ಹಾಗೇ ಇತ್ತು. ಬೆಳಿಗ್ಗೆ ಖಾಲಿ ಹಾಳೆ ಇಟ್ಟುಕೊಂಡು ಕುಳಿತರೆ ಹತ್ತರಲ್ಲಿ ಮೂರು ಲೆಕ್ಕ ಮಾತ್ರ ಬಂದವು. ಬೇರೆಯವರು ಬಿಡಿಸುವುದನ್ನು ನೋಡುವುದು ಬೇರೆ, ನಾವೇ ಬಿಡಿಸುವುದು ಬೇರೆ. ಆಮೇಲೆ ಒಂದು ನಿಯಮ ಮಾಡಿಕೊಂಡೆ: ಉತ್ತರ ಬರುವ ಮುಂಚೆ ನಿಲ್ಲಿಸಬೇಕು, ನೋಟ್‌ಬುಕ್‌ನಲ್ಲಿ ಬಿಡಿಸಬೇಕು, ಆಮೇಲೆ ಪ್ಲೇ ಒತ್ತಬೇಕು. ಆಗ ಉಪಯೋಗವಾಯಿತು. ಇನ್ನು ನಮ್ಮ ಜುಲೈ ಮಳೆ ಗೊತ್ತಲ್ಲ. ಕರೆಂಟು ಹೋದರೆ ನೆಟ್‌ವರ್ಕ್ ಕೂಡ ಹೋಗುತ್ತದೆ.

ಅಂಥ ಒಂದು ಸಂಜೆಯೇ ಅಕ್ಕನ ಮಗಳ ಏಳನೇ ತರಗತಿ ಗಣಿತ ಪುಸ್ತಕ ಕೈಗೆತ್ತಿಕೊಂಡೆ. ಮುಂದಿನ ತರಗತಿಗಳ ಪುಸ್ತಕಗಳನ್ನು ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಿಂದ ಇಳಿಸಿಕೊಂಡೆ, ಖರ್ಚು ಪ್ರಿಂಟಿನದ್ದು ಮಾತ್ರ. ಒಂಬತ್ತು, ಹತ್ತನೇ ತರಗತಿಯ ಗಣಿತ ಎನ್‌ಸಿಇಆರ್‌ಟಿ ಪುಸ್ತಕದ್ದೇ ಕನ್ನಡ ರೂಪ. ಮೊದಲು ಬಿಡಿಸಿದ ಉದಾಹರಣೆ, ಆಮೇಲೆ ಅಭ್ಯಾಸ, ಕೊನೆಯಲ್ಲಿ ಉತ್ತರ. ಇದರಲ್ಲಿ ಅಡಗಿಕೊಳ್ಳಲು ಜಾಗವೇ ಇಲ್ಲ. ಪೆನ್ಸಿಲ್ ಓಡಲೇಬೇಕು. ಬೆಳಿಗ್ಗೆ ಅಡುಗೆಗೆ ಮುಂಚೆ ಹತ್ತು ಲೆಕ್ಕ, ಅಷ್ಟೇ. ಏಳನೇ ತರಗತಿಯಲ್ಲಿ ನನಗೆ ಬೇಕಾದ ಪಾಠಗಳು 12 ದಿನಕ್ಕೆ ಮುಗಿದವು. ದೊಡ್ಡವರಿಗೆ ಇದು ಬೇಗ ಆಗುತ್ತದೆ, ಮಕ್ಕಳಂತೆ ವರ್ಷವಿಡೀ ಬೇಕಾಗುವುದಿಲ್ಲ. ಅಷ್ಟು ಕೆಳಗಿನಿಂದ ಶುರು ಮಾಡಲು ಮನಸ್ಸು ಒಪ್ಪಬೇಕು, ಕಷ್ಟ ಇರುವುದು ಅಲ್ಲಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇನ್ನೊಂದು ಮಾತು. ಕಾಲೇಜಿನಲ್ಲಿ ‘ಎಲ್‌ಸಿಎಂ ತೆಗೀರಿ’ ಅಂದಾಗ ನಾನು ಸುಮ್ನೆ ಕೂತಿದ್ದೆ. ಅದು ನನಗೆ ಗೊತ್ತಿದ್ದ ಲ.ಸಾ.ಅ. ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಎರಡು ಕಾಲಂ ಮಾಡಿದೆ. ಅಂಶ ಅಂದರೆ ನ್ಯೂಮರೇಟರ್, ಛೇದ ಅಂದರೆ ಡಿನಾಮಿನೇಟರ್, ಸಹಗುಣಕ ಅಂದರೆ ಕೋಎಫಿಶಿಯೆಂಟ್, ಬಹುಪದೋಕ್ತಿ ಅಂದರೆ ಪಾಲಿನಾಮಿಯಲ್. ನಲವತ್ತು ಪದ ಆಗುವಷ್ಟರಲ್ಲಿ ಕ್ಲಾಸಿನ ಅರ್ಧ ಭಯ ಹೋಗಿತ್ತು. ಈ ಒಂದು ವಿಷಯದಲ್ಲಿ ಮಾತ್ರ ಟ್ಯೂಷನ್ ಪುಸ್ತಕಕ್ಕಿಂತ ಮೇಲು, ಇಂಗ್ಲಿಷ್ ಪದಗಳು ಅಲ್ಲಿ ಕಿವಿಗೆ ಬಿದ್ದು ಬಿದ್ದು ರೂಢಿಯಾಗುತ್ತವೆ.

ಪುಸ್ತಕದಲ್ಲಿ ಒಂದು ಕೊರತೆ ಇದೆ. ಉತ್ತರ ತಪ್ಪು ಎಂದು ಹೇಳುತ್ತದೆ, ಎಲ್ಲಿ ತಪ್ಪು ಎಂದು ಹೇಳುವುದಿಲ್ಲ. (x + 5)² ಎಂಬುದಕ್ಕೆ ನಾನು x² + 25 ಎಂದು ಬರೆದೆ. ಪುಸ್ತಕದಲ್ಲಿ x² + 10x + 25. ನಡುವಿನ 10x ಎಲ್ಲಿಂದ ಬಂತು? ಎರಡು ದಿನ ತಲೆ ಕೆಡಿಸಿಕೊಂಡೆ. ಟ್ಯೂಷನ್‌ನಲ್ಲಿ ಈ ಸೂತ್ರ ಬೋರ್ಡಿನ ಮೇಲೆ ಬಂದಿತ್ತು, ಬರೆದುಕೊಂಡಿದ್ದೆ ಕೂಡ. ವಿಡಿಯೊದಲ್ಲಿ ನೋಡುವಾಗ ‘ಹೌದು ಹೌದು’ ಅನಿಸಿತ್ತು. ಆದರೂ ಕೈ ಮತ್ತೆ ಹಳೆಯ ತಪ್ಪನ್ನೇ ಬರೆಯುತ್ತಿತ್ತು.

ಅದನ್ನು ಬಿಡಿಸಿದವರು ಕೋಡಿಬಾಗದಲ್ಲಿರುವ ಒಬ್ಬ ನಿವೃತ್ತ ಮೇಷ್ಟ್ರು. ಭಾನುವಾರ ಒಂದು ಗಂಟೆ ಬನ್ನಿ ಅಂದರು, ಹಣ ಮುಟ್ಟಲಿಲ್ಲ. ನನ್ನ ಉತ್ತರ ನೋಡಿ ಅದು ತಪ್ಪು ಎಂದು ಅವರು ಹೇಳಲೇ ಇಲ್ಲ. ‘x ಜಾಗದಲ್ಲಿ 1 ಇಟ್ಟು ನೋಡಿ’ ಅಂದರು. 1ಕ್ಕೆ 5 ಕೂಡಿದರೆ 6, ಅದರ ವರ್ಗ 36. ನನ್ನ ಉತ್ತರದಲ್ಲಿ 1 ಇಟ್ಟರೆ 26. ‘ಹತ್ತು ಎಂತಕ್ಕೆ ಕಮ್ಮಿ ಬಂತು?’ ಎಂದು ಕೇಳಿ ಒಂದು ಚೌಕ ಬರೆದರು. ಅದರ ಬದಿಯನ್ನು x ಮತ್ತು 5 ಎಂದು ಎರಡು ಭಾಗ ಮಾಡಿ ಅಡ್ಡ, ಉದ್ದ ಗೆರೆ ಎಳೆದರು. ನಾಲ್ಕು ತುಂಡು ಆಯಿತು. ಒಂದು x², ಒಂದು 25, ಉಳಿದವು 5x, 5x. ನಾನು ಆ ಎರಡು ತುಂಡುಗಳನ್ನು ಇಷ್ಟು ವರ್ಷ ಹೊರಗೇ ಬಿಟ್ಟಿದ್ದೆ. ಆ ಚೌಕ ಈಗಲೂ ನೋಟ್‌ಬುಕ್‌ನಲ್ಲಿದೆ, ಅವರ ಕೈಬರಹದಲ್ಲಿ.

ಅದೇ ದಿನ ಅವರು ಬೋಟಿನ ಪಾಲು ಹೇಗೆ ಹಾಕುತ್ತೀರಿ ಎಂದು ಕೇಳಿದರು. ನಮ್ಮಲ್ಲಿ ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಮಾಲೀಕರಿಗೆ, ಅರ್ಧ ಕೆಲಸದವರಿಗೆ. ಬೋಟಿನ ಕೆಲಸಗಾರನಾದ ಖಲಾಸಿಗೆ ಒಂದು ಪಾಲು, ಬೋಟು ನಡೆಸುವ ತಾಂಡೇಲನಿಗೆ ಎರಡು. ಕೆಲಸದವರ ಭಾಗ 23,400 ರೂಪಾಯಿ ಬಂದರೆ, ಏಳು ಖಲಾಸಿ ಇದ್ದರೆ, ಒಂದು ಪಾಲು 2,600, ತಾಂಡೇಲನಿಗೆ 5,200. ನಾನು ಬಾಯಲ್ಲೇ ಹೇಳಿದೆ. ಅವರು ಕಾಗದದಲ್ಲಿ 7x + 2x = 23,400 ಎಂದು ಬರೆದು ನನ್ನ ಕಡೆ ತಿರುಗಿಸಿದರು. ಏನೂ ಹೇಳಲಿಲ್ಲ. ಸಮೀಕರಣ ಎಂಬ ಪದದ ಭಯ ನನಗೆ ಹೋಗಿದ್ದು ಆ ಕ್ಷಣದಲ್ಲಿ.

ಚಾಟ್‌ಜಿಪಿಟಿಯನ್ನೂ ಕೆಲವು ದಿನ ಕೇಳಿದೆ. ಕೇಳಿದ ಕೂಡಲೇ ಪೂರ್ತಿ ಉತ್ತರ ಬರುತ್ತದೆ, ಯೋಚಿಸಲು ನನಗೇ ಸಮಯ ಉಳಿಯುವುದಿಲ್ಲ. ಕಲಿಯುವ ಹಂತದಲ್ಲಿ ನನಗೆ ಅದು ಬೇಡ ಅನಿಸಿತು.

ಒಂದೇ ದಾರಿ ಆರಿಸಿಕೊಳ್ಳಿ ಅಂದರೆ ನಾನು ಶಾಲೆಯ ಪುಸ್ತಕವನ್ನೇ ಆರಿಸುತ್ತೇನೆ, ಅದೂ ಏಳನೇ ತರಗತಿಯದ್ದು. ವಾರಕ್ಕೆ ಒಂದು ಗಂಟೆ ನಿಮ್ಮ ಪಕ್ಕ ಕೂತು, ನಿಮ್ಮ ಕೈ ಬರೆಯುವುದನ್ನು ನೋಡುವ ಒಬ್ಬರು ಸಿಕ್ಕರೆ ಬಿಡಬೇಡಿ. ಅವರು ದೊಡ್ಡ ಪದವಿ ಪಡೆದವರೇ ಆಗಬೇಕೆಂದಿಲ್ಲ, ಹೈಸ್ಕೂಲು ಗಣಿತ ಗೊತ್ತಿರುವ ತಾಳ್ಮೆಯವರಾದರೆ ಸಾಕು. ವಿಡಿಯೊ ರಾತ್ರಿ ಒಂದು ಕಡೆ ಸಿಕ್ಕಿಬಿದ್ದಾಗ ಒಳ್ಳೆಯ ಜೊತೆ. ಟ್ಯೂಷನ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ, ಅದಕ್ಕೆ ನಾನು ಹೋಗಿದ್ದ ಸಮಯ ತಪ್ಪು. ಅಡಿಪಾಯ ಆದ ಮೇಲೆ ಅಲ್ಲಿಗೇ ಮತ್ತೆ ಸೇರಿದ್ದೇನೆ. ಹೋದ ವಾರ ಅದೇ ರೀತಿಯ ಡಿಟರ್ಮಿನೆಂಟ್ ಬಂತು, ಉತ್ತರ ಸರಿ ಬಂತು.

ಆಗಸ್ಟ್ 1ರಿಂದ ಬೋಟು ಮತ್ತೆ ಕಡಲಿಗೆ ಹೋಗುತ್ತಿದೆ. ಬೆಳಿಗ್ಗೆ ಹತ್ತು ಲೆಕ್ಕಕ್ಕೆ ಸಮಯ ಸಿಗುವುದಿಲ್ಲ, ನಾಲ್ಕು ಮಾಡುತ್ತೇನೆ. ಹತ್ತನೇ ತರಗತಿ ಪುಸ್ತಕದಲ್ಲಿ ವರ್ಗ ಸಮೀಕರಣ ನಡೆಯುತ್ತಿದೆ. ಅಲ್ಲಿ ಆ ಚೌಕ ಮತ್ತೆ ಬಂದಿದೆ.