ಮುನ್ನೂರು ಒಗೆತ ಕಂಡ ಸ್ಕ್ರಬ್ಸ್: ಬಳ್ಳಾರಿ ಹೊಲಿಗೆಯ ಜೊತೆ ಮೂರು ವರ್ಷ

ಸ್ಕ್ರಬ್ಸ್, ಅಂದರೆ ಆಸ್ಪತ್ರೆಯವರು ಡ್ಯೂಟಿಯಲ್ಲಿ ಹಾಕುವ ಅಂಗಿ ಪ್ಯಾಂಟು, ಮೊದಲು ಹರಿಯುವುದು ಎಲ್ಲಿ ಅಂತ ಯಾರಾದರೂ ಕೇಳಿದರೆ ಯೋಚಿಸದೆ ಹೇಳುತ್ತೇನೆ: ಕೆಳಜೇಬಿನ ಬಲಗಡೆ ಮೂಲೆಯಲ್ಲಿ. ನನ್ನ ಆ ಜೇಬಿನಲ್ಲಿ ಮೊಬೈಲು, ತೋಳಿಗೆ ಕಟ್ಟುವ ಟೂರ್ನಿಕೆಟ್ಟು, ಎರಡು ಮಾರ್ಕರ್ ಪೆನ್ನು, ಲೇಬಲ್ಲಿನ ಸುರುಳಿ ಇರುತ್ತವೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎಷ್ಟು ಸಲ ಅಲ್ಲಿಗೆ ಕೈ ಹೋಗುತ್ತದೋ ಲೆಕ್ಕವಿಲ್ಲ. ಮಂಚದ ಕಂಬಿಗೂ ಬಾಗಿಲ ಚಿಲಕಕ್ಕೂ ಸಿಕ್ಕಿಕೊಳ್ಳುವುದು ಅದೇ ಜೇಬು. ನಾನು ಹಿಂದೆ ಹಾಕಿದ ನಾಲ್ಕು ಸೆಟ್ಟುಗಳಲ್ಲಿ ಮೂರು ಅಲ್ಲೇ ಕಿತ್ತಿದ್ದವು. ಈಗ ಮೂರು ವರ್ಷದಿಂದ ಹಾಕುತ್ತಿರುವ ಸೆಟ್ಟುಗಳ ಒಂದು ಜೇಬೂ ಕಿತ್ತಿಲ್ಲ. ಈ ವಿಮರ್ಶೆ ಬರೆಯಲು ಕೂತದ್ದೇ ಅದಕ್ಕೆ.

ನಾನು ಬಳ್ಳಾರಿಯ ಒಂದು ಖಾಸಗಿ ಲ್ಯಾಬಿನಲ್ಲಿ ಟೆಕ್ನೀಷಿಯನ್. ಬೆಳಿಗ್ಗೆ 7ಕ್ಕೆ ವಾರ್ಡುಗಳಲ್ಲಿ ರಕ್ತ ತೆಗೆಯುವ ಕೆಲಸ, 10ರ ಮೇಲೆ ಲ್ಯಾಬಿನ ಮೇಜು. 2022ರ ಜೂನ್‌ನಲ್ಲಿ ಕೌಲ್ ಬಜಾರ್ ಕಡೆಯ ಒಂದು ಸಣ್ಣ ಹೊಲಿಗೆ ಘಟಕದಲ್ಲಿ ಮೂರು ಸೆಟ್ ನೇವಿ ಬ್ಲೂ ಸ್ಕ್ರಬ್ಸ್, ಎರಡು ಬಿಳಿ ಲ್ಯಾಬ್ ಕೋಟ್ ಹೊಲಿಸಿದೆ. ಸೆಟ್ಟಿಗೆ 850 ರೂಪಾಯಿ, ಕೋಟಿಗೆ 650. ವಾರಕ್ಕೆ ಆರು ದಿನ ಡ್ಯೂಟಿ, ಮೂರು ಸೆಟ್ ಸರದಿಯಲ್ಲಿ. ಅಂದರೆ ಒಂದೊಂದು ಸೆಟ್ಟು ವಾರಕ್ಕೆ ಎರಡು ಸಲ ಒಗೆತಕ್ಕೆ ಬೀಳುತ್ತದೆ. ರಜೆ ಕಳೆದರೂ ವರ್ಷಕ್ಕೆ ನೂರು, ಮೂರು ವರ್ಷಕ್ಕೆ ಮುನ್ನೂರು ಒಗೆತ. ಕೊಂಡ ವಾರವೇ ಐದು ನಕ್ಷತ್ರ ಕೊಟ್ಟು ಬರೆದ ವಿಮರ್ಶೆಗಳನ್ನು ನಂಬಿ ನಾನು ಎರಡು ಸಲ ದುಡ್ಡು ಕಳೆದುಕೊಂಡಿದ್ದೇನೆ. ಆಸ್ಪತ್ರೆ ಬಟ್ಟೆಯ ಗುಣ ಐವತ್ತು ಒಗೆತ ದಾಟುವ ತನಕ ಗೊತ್ತಾಗುವುದಿಲ್ಲ.

ಬಳ್ಳಾರಿ ಜೀನ್ಸಿನ ಊರು ಅಂತ ಎಲ್ಲರಿಗೂ ಗೊತ್ತು. ಇಲ್ಲಿ ದಂಡಿನ ಪ್ರದೇಶವಿದ್ದ ಕಾಲದಲ್ಲಿ ಸೈನಿಕರ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿಗಳಿಂದ ಈ ಕಸುಬು ಬೆಳೆಯಿತು ಅಂತ ಹಿರಿಯರು ಹೇಳುತ್ತಾರೆ. ನಾನು ಹೇಳುತ್ತಿರುವ ಘಟಕ ನಡೆಸುವ ಗಂಡ ಹೆಂಡತಿಯೂ ಮೊದಲು ಪೀಸ್ ಲೆಕ್ಕದಲ್ಲಿ ಜೀನ್ಸ್ ಹೊಲಿಯುತ್ತಿದ್ದವರೇ. 2020ರ ಲಾಕ್‌ಡೌನ್‌ನಲ್ಲಿ ಜೀನ್ಸ್ ಆರ್ಡರ್ ನಿಂತಾಗ ಮಾಸ್ಕು, ಪಿಪಿಇ ಗೌನು ಹೊಲಿದರು. ಅಲ್ಲಿಂದ ಆಸ್ಪತ್ರೆಯವರ ಪರಿಚಯವಾಗಿ ಸ್ಕ್ರಬ್ಸಿಗೆ ಬಂದರು. ಅಂಗಡಿಗೆ ಬೋರ್ಡಿಲ್ಲ. ಐದು ಮಷೀನು, ಒಂದು ಕಟಿಂಗ್ ಟೇಬಲ್ಲು, ಅಷ್ಟೇ.

ಮೊದಲ ದಿನ ಅಳತೆ ಕೊಡುವಾಗ ನನ್ನ ಹರಿದ ಹಳೇ ಸೆಟ್ಟನ್ನು ತೋರಿಸಿದೆ. ಆ ಅಕ್ಕ ಜೇಬನ್ನು ತಿರುವಿ ನೋಡಿ, ಮೂಲೆಯಲ್ಲಿ ಬರೀ ಹಿಂದಕ್ಕೊಂದು ಮುಂದಕ್ಕೊಂದು ಹೊಲಿಗೆ ಓಡಿಸಿ ಬಿಟ್ಟದ್ದನ್ನು ಬೆರಳಿಟ್ಟು ತೋರಿಸಿದರು. "ಜೀನ್ಸಿನ ಜೇಬಿಗೆ ಬಾರ್‌ಟ್ಯಾಕ್ ಹಾಕದಿದ್ರ ಮಾಲು ವಾಪಸ್ ಬರ್ತೈತ್ರಿ ಮೇಡಂ. ಇದಕ್ಯಾಕ ಬಿಡಬೇಕು?" ಬಾರ್‌ಟ್ಯಾಕ್ ಅಂದರೆ ಜೀನ್ಸ್ ಜೇಬಿನ ತುದಿಯಲ್ಲಿ ಕಾಣುವ ಆ ದಪ್ಪನೆಯ ಅಡ್ಡಗೀಟಿನಂಥ ಒತ್ತು ಹೊಲಿಗೆ. ನನ್ನ ಸ್ಕ್ರಬ್ಸಿನ ಎಲ್ಲ ಜೇಬಿನ ಎರಡೂ ಮೂಲೆಗೆ, ಪಕ್ಕದ ಸೀಳು ಶುರುವಾಗುವ ಕಡೆಗೆ, ಪ್ಯಾಂಟಿನ ತೊಡೆ ಸಂದಿಗೆ ಅದು ಬಿದ್ದಿದೆ. ಮೊನ್ನೆ ಮೂರು ವರ್ಷದ ಹಳೇ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಜೇಬಿನ ಬಟ್ಟೆ ಸವೆದು ತೆಳ್ಳಗಾಗಿದೆ, ಅಂಚಿನಲ್ಲಿ ನೂಲು ಎದ್ದಿದೆ, ಆದರೆ ಆ ಅಡ್ಡಗೀಟು ಹೊಲಿದ ದಿನ ಇದ್ದ ಹಾಗೇ ಬಿಗಿಯಾಗಿ ಕೂತಿದೆ.

ಬಟ್ಟೆಯ ವಿಷಯಕ್ಕೆ ಬರುತ್ತೇನೆ. 2013ರಲ್ಲಿ ಅಮೆರಿಕದಲ್ಲಿ ಶುರುವಾದ ಫಿಗ್ಸ್ ಎಂಬ ಸ್ಕ್ರಬ್ಸ್ ಕಂಪನಿ 2021ರಲ್ಲಿ ನ್ಯೂಯಾರ್ಕ್ ಷೇರುಪೇಟೆಗೂ ಹೋಯಿತು. ಸ್ಕ್ರಬ್ಸ್ ಅಂದರೆ ಜೋತುಬಿದ್ದ ಚೀಲ ಅನ್ನುವ ಭಾವನೆ ಹೋಗಿ ಮೈಗೆ ಕೂರುವ, ಎಳೆದರೆ ಹಿಗ್ಗುವ ಬಟ್ಟೆಯ ಕಾಲ ಬಂದದ್ದು ಅಂಥವರಿಂದ. ಹಿಂದೆ ನಾನು ಕೊಂಡಿದ್ದ ಒಂದು ಸೆಟ್ಟು ಅವರದಲ್ಲ, ಅದೇ ಧಾಟಿಯಲ್ಲಿ ಹೊಲಿಯುವ ನಮ್ಮ ದೇಶದ ಒಂದು ಆನ್‌ಲೈನ್ ಅಂಗಡಿಯದು, 1,900 ರೂಪಾಯಿ. ಪಾಲಿಯೆಸ್ಟರ್, ರೇಯಾನ್, ಜೊತೆಗೆ ಹಿಗ್ಗಲಿಕ್ಕೆ ಸ್ವಲ್ಪ ಸ್ಪ್ಯಾಂಡೆಕ್ಸ್. ಮೊದಲ ತಿಂಗಳು ನಿಜವಾಗಿಯೂ ಹಿತವಾಗಿತ್ತು, ಇಸ್ತ್ರಿಯೇ ಬೇಡ. ನಾಲ್ಕನೇ ತಿಂಗಳಿಗೆ ತೊಡೆಯ ಮೇಲೆ ಸಣ್ಣ ಸಣ್ಣ ಗಂಟು ಎದ್ದವು. ಏಪ್ರಿಲ್ ಬಂದ ಮೇಲೆ ಬೆನ್ನಿಗೆ ಅಂಟಿಕೊಂಡರೆ ಬಿಡುತ್ತಿರಲಿಲ್ಲ. ಹೊರಗೆ 40 ಡಿಗ್ರಿ ದಾಟುವ ಊರಿನಲ್ಲಿ, ಎ.ಸಿ. ಇಲ್ಲದ ಜನರಲ್ ವಾರ್ಡಿನಲ್ಲಿ ಆ ಬಟ್ಟೆ ನಡೆಯುವುದಿಲ್ಲ. ವಾಪಸ್ ಕೊಡಲು ಹೋದರೆ ಒಗೆದ ಬಟ್ಟೆ ತಗೊಳ್ಳುವುದಿಲ್ಲ ಎಂಬ ಉತ್ತರ ಬಂತು. ಒಗೆಯದೆ ಗಂಟು ಏಳುವುದು ಗೊತ್ತಾಗುವುದಾದರೂ ಹೇಗೆ?

ಕೌಲ್ ಬಜಾರಿನವರು ಸ್ಕ್ರಬ್ಸಿಗೆ ಹಾಕಿದ್ದು ಪಾಲಿ ಕಾಟನ್, ಶೇ 65 ಪಾಲಿಯೆಸ್ಟರ್, ಶೇ 35 ಹತ್ತಿ. ಪೂರ್ತಿ ಹತ್ತಿಯಷ್ಟು ತಂಪಲ್ಲ, ಆದರೆ ಬೆವರು ಹೀರುತ್ತದೆ, ರಾತ್ರಿ ಒಗೆದರೆ ಬೆಳಗಿನೊಳಗೆ ಒಣಗುತ್ತದೆ. ನಮ್ಮ ಮನೆಯದು ಬೋರಿನ ಗಡಸು ನೀರು. ಪೂರ್ತಿ ಹತ್ತಿಯ ಬಟ್ಟೆಯಾದರೆ ಆ ನೀರಿನಲ್ಲಿ ತಿಂಗಳಲ್ಲೇ ರಟ್ಟಿನ ಹಾಗೆ ಬಿರುಸಾಗುತ್ತದೆ. ಇವು ಅಷ್ಟು ಬಿರುಸಾಗಲಿಲ್ಲ. ಬಣ್ಣ ಭುಜದ ಮೇಲೆ ಮಾತ್ರ ಸ್ವಲ್ಪ ಇಳಿದಿದೆ, ಒಳಮಗ್ಗುಲು ಮೇಲೆ ಮಾಡಿ ಒಣಗಿಸಲು ಶುರು ಮಾಡಿದ ಮೇಲೆ ಅದೂ ನಿಂತಿತು.

ಲ್ಯಾಬ್ ಕೋಟಿನ ವಿಷಯವೇ ಬೇರೆ, ಅದರಲ್ಲಿ ನಾನು ರಾಜಿಯಾಗುವುದಿಲ್ಲ. ಲ್ಯಾಬಿನಲ್ಲಿ ಬೆಂಕಿ ಮುಟ್ಟುವವರು ಹತ್ತಿಯ ಕೋಟೇ ಹಾಕಬೇಕು. ಇದು ನನಗೆ ಮೈಮೇಲೆ ಬಂದು ಗೊತ್ತಾದದ್ದು. ಹಿಂದೆ ಸರ್ಜಿಕಲ್ ಅಂಗಡಿಯೊಂದರಲ್ಲಿ ಅಗ್ಗಕ್ಕೆ ಸಿಕ್ಕ ಪಾಲಿಯೆಸ್ಟರ್ ಕೋಟು ಹಾಕಿಕೊಂಡು ಕಲ್ಚರಿಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ, ಲೂಪ್ ಎಂಬ ತಂತಿಯ ಕುಣಿಕೆಯನ್ನು ಸ್ಪಿರಿಟ್ ದೀಪದಲ್ಲಿ ಕಾಯಿಸುತ್ತಿದ್ದೆ. ಜೋಲುವ ತೋಳಿನ ಅಂಚು ಜ್ವಾಲೆಗೆ ತಾಗಿತು. ಹತ್ತಿಯಾಗಿದ್ದರೆ ಕರಿ ಹತ್ತುತ್ತಿತ್ತು, ತಟ್ಟಿ ಆರಿಸಬಹುದಿತ್ತು. ಇದು ಕರಗಿ, ಹನಿಯಾಗಿ, ಮಣಿಕಟ್ಟಿಗೆ ಮೇಣದ ಹಾಗೆ ಅಂಟಿತು. ಕಿತ್ತಾಗ ಚರ್ಮವೂ ಬಂತು. ಕಡಲೆಬೇಳೆಯಷ್ಟು ದೊಡ್ಡ ಕಲೆ ಇವತ್ತಿಗೂ ಇದೆ. ಹೊಸ ಕೋಟು ಹೊಲಿಸುವಾಗ ಮೊದಲು ಕೇಳಿದ್ದೇ ಪೂರ್ತಿ ಹತ್ತಿಯ ದಪ್ಪ ಡ್ರಿಲ್ ಬಟ್ಟೆ, ತೋಳಿನ ತುದಿಗೆ ಬಿಗಿಯಾದ ರಿಬ್ ಪಟ್ಟಿ. ಆ ಪಟ್ಟಿ ಇದ್ದರೆ ತೋಳು ಸ್ಟೇನಿನ (ಸ್ಲೈಡಿಗೆ ಹಾಕುವ ಬಣ್ಣದ) ಟ್ರೇಗೂ ಅದ್ದುವುದಿಲ್ಲ, ಗ್ಲೌಸು ಅದರ ಮೇಲೆ ಸರಿಯಾಗಿ ಕೂರುತ್ತದೆ.

ಗುಂಡಿಯ ಬದಲು ಟಿಚ್ ಬಟನ್ ಹಾಕಿಸಿದೆ. ಏನಾದರೂ ಮೈಮೇಲೆ ಚೆಲ್ಲಿದರೆ ಎರಡೂ ಕಡೆ ಹಿಡಿದು ಒಂದೇ ಎಳೆತಕ್ಕೆ ಕೋಟು ಬಿಚ್ಚಬಹುದು. ಮೂರು ವರ್ಷದಲ್ಲಿ ಎರಡು ಬಟನ್ ಸಡಿಲವಾದವು, ಅಲ್ಲೇ ಕೂರಿಸಿ ಬೇರೆ ಒತ್ತಿ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ರೆಡಿಮೇಡ್ ಸ್ಕ್ರಬ್ಸಿನ ವಿ ಕತ್ತು ನೆಟ್ಟಗೆ ನಿಂತಾಗ ಸರಿಯಾಗಿಯೇ ಇರುತ್ತದೆ. ಮಲಗಿದ ರೋಗಿಯ ತೋಳಿನ ಮೇಲೆ ಬಗ್ಗಿ ನರ ಹುಡುಕುವಾಗ ಅದು ಬಾಯಿ ಬಿಡುತ್ತದೆ. ಒಂದು ಕೈಯಲ್ಲಿ ಸೂಜಿ, ಇನ್ನೊಂದು ಕೈ ರೋಗಿಯ ತೋಳಿನ ಮೇಲೆ, ಕತ್ತು ಮುಚ್ಚಿಕೊಳ್ಳಲು ಮೂರನೇ ಕೈ ಎಲ್ಲಿಂದ ತರುವುದು? ಎಷ್ಟೋ ವರ್ಷ ಪಿನ್ನು ಚುಚ್ಚಿಕೊಂಡೇ ಕೆಲಸ ಮಾಡಿದೆ. ಇದನ್ನು ಹೇಳಿದ್ದಕ್ಕೆ ಆ ಅಕ್ಕ ನನ್ನನ್ನೇ ಕುರ್ಚಿಯ ಮೇಲೆ ಬಗ್ಗಿ ನಿಲ್ಲಿಸಿ, ಟೇಪು ಹಿಡಿದು ನೋಡಿ, ಕತ್ತನ್ನು ಒಂದೂವರೆ ಇಂಚು ಮೇಲೆ ತಂದರು, ಅಂಚಿಗೆ ಒಳಗಿನಿಂದ ಒಂದು ಪಟ್ಟಿ ಕೊಟ್ಟರು. ಈಗ ಬಗ್ಗಿದರೂ ಬಟ್ಟೆ ಮೈಗೆ ಕೂತೇ ಇರುತ್ತದೆ. ನಮ್ಮ ಲ್ಯಾಬಿನ ಇನ್ನಿಬ್ಬರು ಹುಡುಗಿಯರು ಈ ಒಂದು ಕಾರಣಕ್ಕೇ ಅಲ್ಲಿಗೆ ಹೋದರು.

ಬಣ್ಣ ಆರಿಸುವಾಗ ಆಸ್ಪತ್ರೆಯವರೆಲ್ಲ ಹಸಿರು, ನೀಲಿಯನ್ನೇ ಯಾಕೆ ಕೇಳುತ್ತಾರೆ ಎಂದು ಅವರು ಕೇಳಿದರು. ಆಪರೇಷನ್ ಮಾಡುವವರು ತುಂಬ ಹೊತ್ತು ರಕ್ತದ ಕೆಂಪನ್ನೇ ನೋಡಿ ಬಿಳಿಯ ಕಡೆ ತಿರುಗಿದರೆ ಕಣ್ಣಿಗೆ ಹಸಿರು ನೆರಳು ಕುಣಿಯುತ್ತದೆ, ಬಿಳಿಯ ಹೊಳಪೂ ಕಣ್ಣು ಕೋರೈಸುತ್ತದೆ, ಸುತ್ತಲಿನ ಬಟ್ಟೆ ಹಸಿರಿದ್ದರೆ ಆ ತೊಂದರೆಯಿಲ್ಲ ಎಂದೆ. 1914ರ ಹೊತ್ತಿಗೇ ಸ್ಯಾನ್ ಫ್ರಾನ್ಸಿಸ್ಕೋದ ಹ್ಯಾರಿ ಶೆರ್ಮನ್ ಎಂಬ ಸರ್ಜನ್ ಆಪರೇಷನ್ ಕೋಣೆಗೆ ಪಾಲಕ್ ಸೊಪ್ಪಿನ ಹಸಿರು ತಂದಿದ್ದರು. ನನ್ನದು ಆ ಕೆಲಸವಲ್ಲ. ನಾನು ನೇವಿ ಆರಿಸಿದ್ದು ಬೆವರಿನ ಗುರುತು ಕಾಣದಿರಲಿ, ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್) ಹತ್ತಿರ ಹೋಗದಿದ್ದರೆ ಬಣ್ಣ ಬಾಳುತ್ತದೆ ಅಂತ.

ಆ ಹೈಪೋಕ್ಲೋರೈಟ್ ವಿಷಯದಲ್ಲಿ ನನ್ನ ತಪ್ಪೊಂದಿದೆ, ಬೇರೆಯವರು ಮಾಡದಿರಲಿ ಅಂತ ಬರೆಯುತ್ತೇನೆ. ಲ್ಯಾಬಿನಲ್ಲಿ ರಕ್ತ ಚೆಲ್ಲಿದ ಜಾಗಕ್ಕೆ ಹಾಕುವ ಶೇ 1ರ ದ್ರಾವಣದಲ್ಲಿ ಒಂದು ನೇವಿ ಅಂಗಿಯನ್ನು ನೆನೆಹಾಕಿದೆ. ಹೊಟ್ಟೆಯ ಭಾಗದಲ್ಲಿ ತಾಮ್ರದ ಬಣ್ಣದ ಮಚ್ಚೆಗಳು ಎದ್ದವು, ಹೋಗಲೇ ಇಲ್ಲ. ಕ್ಲೋರಿನ್ ಬಣ್ಣವನ್ನಷ್ಟೇ ಅಲ್ಲ, ಸ್ಪ್ಯಾಂಡೆಕ್ಸನ್ನೂ ಸೊಂಟದ ಇಲಾಸ್ಟಿಕ್ಕನ್ನೂ ಕೊಲ್ಲುತ್ತದೆ. ಈಗ ಬಣ್ಣದ ಬಟ್ಟೆಯನ್ನು ಬೇರೆ ಬಕೆಟ್ಟಿನಲ್ಲಿ, ಕೈಯಿಡಲಾಗದಷ್ಟು ಬಿಸಿ ನೀರಿಗೆ ಸೋಪಿನ ಪುಡಿ ಹಾಕಿ ಹತ್ತು ಹದಿನೈದು ನಿಮಿಷ ಬಿಡುತ್ತೇನೆ. 60 ಡಿಗ್ರಿಯಲ್ಲಿ ಹತ್ತು ನಿಮಿಷ ಇದ್ದರೆ ಹೆಚ್ಚಿನ ರೋಗಾಣುಗಳು ಹೋಗುತ್ತವೆ. ಆದರೆ ರಕ್ತದ ಕಲೆಯಿದ್ದರೆ ಮೊದಲು ತಣ್ಣೀರು. ಬಿಸಿ ನೀರು ಬಿದ್ದರೆ ರಕ್ತದ ಪ್ರೋಟೀನು ಹೆಪ್ಪುಗಟ್ಟಿ ನೂಲಿಗೇ ಹಿಡಿದುಬಿಡುತ್ತದೆ.

ಬಿಳಿ ಕೋಟಿಗೆ ಬೀಳುವ ನಮ್ಮ ಸ್ಟೇನುಗಳಿಗೆ ಸೋಪು ಏನೂ ಮಾಡುವುದಿಲ್ಲ. ಲೀಷ್‌ಮನ್ ಎಂಬ ರಕ್ತದ ಸ್ಲೈಡಿನ ಬಣ್ಣ ಮೆಥನಾಲಿನಲ್ಲಿ ಕರಗಿದ್ದು, ಒಣಗುವ ಮೊದಲೇ ಸ್ಪಿರಿಟ್ ಹತ್ತಿಯಿಂದ ಒತ್ತಿದರೆ ಬಹುಪಾಲು ಬರುತ್ತದೆ. ಬ್ಯಾಕ್ಟೀರಿಯಾ ಗುರುತಿಸಲು ಹಾಕುವ ಗ್ರಾಮ್ ಸ್ಟೇನಿನ ಕ್ರಿಸ್ಟಲ್ ವಯೊಲೆಟ್ ಹತ್ತಿಗೆ ಬಿದ್ದರೆ ಒಂದು ನೇರಳೆ ಛಾಯೆ ಉಳಿದೇ ಉಳಿಯುತ್ತದೆ. ಅಯೋಡಿನ್ನಿಗೆ ಹೈಪೋ, ಅಂದರೆ ಸೋಡಿಯಂ ಥಯೋಸಲ್ಫೇಟ್ ದ್ರಾವಣ ಹಾಕಿದರೆ ಕಣ್ಣ ಮುಂದೆಯೇ ಮಾಯವಾಗುತ್ತದೆ. ನನ್ನ ಕೋಟಿನ ಬಲತೋಳಿನಲ್ಲಿ ನಾಲ್ಕು ನೇರಳೆ ಚುಕ್ಕೆಗಳಿವೆ, ಹೊಲಿದವರ ತಪ್ಪೇನಿಲ್ಲ ಅದರಲ್ಲಿ.

ಅವರ ತಪ್ಪುಗಳನ್ನೂ ಹೇಳಬೇಕು. ಮೊದಲ ಕೋಟಿನ ಬಟ್ಟೆಯನ್ನು ನೀರಿಗೆ ಹಾಕಿ ಕುಗ್ಗಿಸದೆ ಕತ್ತರಿಸಿದ್ದರು. ಒಂದೇ ಒಗೆತಕ್ಕೆ ತೋಳು ಇಂಚಿಗಿಂತ ಹೆಚ್ಚು ಕುಗ್ಗಿ ಮಣಿಕಟ್ಟಿನ ಮೇಲೆ ನಿಂತಿತು. ಜೇಬಿನ ಮೇಲೆ ಮೆರೂನ್ ದಾರದಲ್ಲಿ ಹಾಕಿದ ನನ್ನ ಹೆಸರು ಬಣ್ಣ ಬಿಟ್ಟು ಎದೆಯೆಲ್ಲ ಗುಲಾಬಿಯಾಯಿತು. ಕೋಟನ್ನು ಬೇರೆ ಹೊಲಿದು ಕೊಟ್ಟರು, ನಿಜ, ಆದರೆ ಇಪ್ಪತ್ತೆರಡು ದಿನ ಹಿಡಿಯಿತು. ಆ ಇಪ್ಪತ್ತೆರಡು ದಿನ ಒಂದೇ ಕೋಟಿನಲ್ಲಿ ದಬ್ಬಿದೆ. ಹಬ್ಬ, ಮದುವೆ ಸೀಸನ್ನು ಬಂತೆಂದರೆ ಅವರು ಹೇಳಿದ ದಿನಕ್ಕೆ ಮಾಲು ಸಿಗುವುದಿಲ್ಲ, ಫೋನ್ ಮಾಡಿದರೆ "ನಾಳಿಗೆ ಬರ್ರಿ" ಅನ್ನುತ್ತಾರೆ, ನಾಳೆ ಹೋದರೆ ಬಟ್ಟೆ ಇನ್ನೂ ಟೇಬಲ್ಲಿನ ಮೇಲೆ. ಅಳತೆಯನ್ನು ಚೀಟಿಯಲ್ಲಿ ಬರೆದು ಕಳೆದುಬಿಡುತ್ತಾರೆ. 2024ರಲ್ಲಿ ಹೊಲಿಸಿದ ನಾಲ್ಕನೇ ಸೆಟ್ಟಿನ ಪ್ಯಾಂಟು ಒಂದು ಇಂಚು ಗಿಡ್ಡ ಬಂದದ್ದು ಹಾಗೆ. ಸೊಂಟದ ಇಲಾಸ್ಟಿಕ್ ಹದಿನಾಲ್ಕು ತಿಂಗಳಿಗೆ ಜೋತುಬಿತ್ತು. ಜೊತೆಗೆ ಲಾಡಿಯೂ ಇದ್ದದ್ದರಿಂದ ಮಾನ ಉಳಿಯಿತು. ಈಗ ಲಾಡಿಯಿಲ್ಲದ ಬರೀ ಇಲಾಸ್ಟಿಕ್ ಪ್ಯಾಂಟನ್ನು ಯಾರಿಗೂ ಹೇಳುವುದಿಲ್ಲ.

ಅರ್ಧ ತೋಳೋ ಪೂರ್ತಿ ತೋಳೋ ಎಂದು ಜೊತೆಯವರು ಕೇಳುತ್ತಾರೆ. ವಾರ್ಡಿಗೆ ಹೋಗುವಾಗ ಅರ್ಧ ತೋಳಿನ ಸ್ಕ್ರಬ್ಸ್ ಮಾತ್ರ, ಕೋಟಿಲ್ಲ. ಇಂಗ್ಲೆಂಡಿನಲ್ಲಿ 2007ರಲ್ಲೇ ರೋಗಿಯನ್ನು ಮುಟ್ಟುವವರ ಮೊಣಕೈ ಕೆಳಗೆ ತೋಳೂ ಬೇಡ, ಗಡಿಯಾರವೂ ಬೇಡ ಎಂಬ ನಿಯಮ ತಂದರು. ಕೈ ತೊಳೆಯಬಹುದು, ತೋಳಿನ ಅಂಚನ್ನು ಪ್ರತಿ ಮಂಚಕ್ಕೂ ತೊಳೆಯಲಾಗುವುದಿಲ್ಲ. 2015ರಲ್ಲಿ ನಮ್ಮ ಮಂಗಳೂರಿನ ವೈದ್ಯರೊಬ್ಬರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಭಾರತದ ವೈದ್ಯರು ಬಿಳಿ ಕೋಟು ಬಿಡಬೇಕು ಎಂದೇ ಬರೆದರು. ಲ್ಯಾಬಿನಲ್ಲಿ ಬಿಡಲಾಗುವುದಿಲ್ಲ, ಅಲ್ಲಿ ಅದು ನಮ್ಮ ರಕ್ಷಣೆ. ಆದರೆ ಅದನ್ನೇ ಹಾಕಿಕೊಂಡು ಕ್ಯಾಂಟೀನಿಗೆ ಹೋಗಿ ಮಿರ್ಚಿ, ಒಗ್ಗರಣೆ ತಿನ್ನುವವರನ್ನು, ಅದೇ ಕೋಟಿನಲ್ಲಿ ಸಿಟಿ ಬಸ್ಸು ಹತ್ತಿ ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಳ್ಳುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅದಕ್ಕೇ ಎರಡು ಕೋಟಿಗೂ ಕಾಲರಿನ ಹಿಂದೆ ಒಳಗಡೆ ಗಟ್ಟಿಯಾದ ಒಂದು ಕುಣಿಕೆ ಹಾಕಿಸಿದ್ದೇನೆ. ಲ್ಯಾಬಿನ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ ಹೊರಗೆ ಬರುತ್ತೇನೆ. ಆ ಕುಣಿಕೆಗೂ ಎರಡು ತುದಿಯಲ್ಲಿ ಬಾರ್‌ಟ್ಯಾಕ್ ಇದೆ, ಹೇಳದೆಯೇ ಹಾಕಿದ್ದರು.

ಹೋದ ವಾರ ಇನ್ನೆರಡು ಸೆಟ್ ಸ್ಕ್ರಬ್ಸ್, ಒಂದು ಕೋಟಿಗೆ ಕೊಟ್ಟು ಬಂದೆ. ಈಗ ಸೆಟ್ಟಿಗೆ 950 ಆಗಿದೆ. ಈ ಸಲ ಅಳತೆಯ ಚೀಟಿಯ ಫೋಟೋ ನನ್ನ ಮೊಬೈಲಿನಲ್ಲೂ ಇದೆ, ಕೋಟಿನ ಡ್ರಿಲ್ ಬಟ್ಟೆಯನ್ನು ನಾನೇ ಕೊಂಡು, ಮನೆಯಲ್ಲಿ ಒಂದು ರಾತ್ರಿ ನೀರಿಗೆ ಹಾಕಿ ಒಣಗಿಸಿ ಒಯ್ದು ಕೊಟ್ಟೆ. ಹೆಸರು ನೀಲಿ ದಾರದಲ್ಲಿ, ಆ ದಾರವನ್ನೂ ಅವರ ಮುಂದೆಯೇ ಬಿಸಿ ನೀರಿನ ಲೋಟಕ್ಕೆ ಅದ್ದಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿದೆ, ಬಣ್ಣ ಬಿಡಲಿಲ್ಲ. ಹತ್ತು ದಿನ ಅಂದಿದ್ದಾರೆ, ನಾನು ಇಪ್ಪತ್ತು ಅಂತ ಹಿಡಿದಿದ್ದೇನೆ.