ಜಪಾನ್ ಸೆಡ್ಜ್ ಅಂತ ಜೇಕು ಮಾರುತ್ತಿದ್ದಾರೆ, ಕಲಬುರಗಿಯವರು ಹುಷಾರಾಗಿರಿ

ಮನೆ ಮುಂದೆ ಕೈತೋಟ ಮಾಡುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಊರ ಹೊರಗಿನ ಒಂದು ನರ್ಸರಿಯವನು ಜಪಾನ್ ಸೆಡ್ಜ್, ಅಂದರೆ ಹುಲ್ಲಿನಂತೆ ಕಾಣುವ ಅಲಂಕಾರದ ಗಿಡ, ಅಂತ ಹೇಳಿ ನನಗೆ ಜೇಕು ಮಾರಿದ್ದಾನೆ. ಹೌದು, ಜೇಕು. ರೈತರು ಹೊಲದಲ್ಲಿ ಕಿತ್ತು ಕಿತ್ತು ಸಾಕಾಗುವ ಅದೇ ಕಳೆ. ಬೇರೆ ಕಡೆ ತುಂಗೆ, ಕೊನ್ನಾರಿ ಗಡ್ಡೆ ಅಂತಾರಲ್ಲ, ಅದೇ. ಚೀಲಕ್ಕೆ 150 ರೂಪಾಯಿ, 40 ಚೀಲ. ಆರು ಸಾವಿರ ತಗೊಂಡು ಕಳೆ ಕೊಟ್ಟಿದ್ದಾನೆ!

ನಾನು ಕೇಳಿದ್ದು ಎವರ್‌ಗೋಲ್ಡ್ ಅನ್ನೋ ಸೆಡ್ಜ್ ತಳಿ. ಎಲೆಯ ನಡುವೆ ಕೆನೆಹಳದಿ ಪಟ್ಟೆ, ಅಂಚು ಹಸಿರು, ಸುಮಾರು ಒಂದಡಿ ಎತ್ತರ. ಜಪಾನಿನ ಕ್ಯಾರೆಕ್ಸ್ ಜಾತಿ. ದಾರಿಯ ಅಂಚಿಗೆ, ಬೇವಿನ ನೆರಳಲ್ಲಿ ಸಾಲಾಗಿ ನೆಡೋಣ ಅಂತ ಆಸೆ. ಫೋನಿನಲ್ಲಿ ಅವನು ತೋರಿಸಿದ ಫೋಟೊ ಸರಿಯಾಗಿಯೇ ಇತ್ತು. ಬಂದ ಚೀಲಗಳಲ್ಲಿ ಬರೀ ಹಸಿರು. ಪಟ್ಟೆ ಎಲ್ಲಿ ಅಂತ ಅಲ್ಲೇ ಕೇಳಿದೆ.

"ಬಿಸಿಲು ಬಿದ್ದ ಮ್ಯಾಲ ಬರ್ತದ ಅಕ್ಕೋರೆ, ಈಗ ಸಣ್ಣವ ಅದಾವ."

ಆಮೇಲೆ ಒಂದು ದಂಟು ಕಿತ್ತು ನನ್ನ ಕೈಗೆ ಕೊಟ್ಟ. ಬೆರಳ ನಡುವೆ ಹೊರಳಿಸಿ ನೋಡ್ರಿ ಅಂದ. "ಮೂರು ಮೂಲಿ ಹತ್ತತಾವಿಲ್ಲೋ? ಹುಲ್ಲಾದ್ರ ದುಂಡಗ ಇರ್ತದ. ಇದು ಪಕ್ಕಾ ಸೆಡ್ಜ್." ನಿಜ, ಮೂರು ಮೂಲೆ ಇತ್ತು. ಸೆಡ್ಜ್ ಗುರುತು ಅದೇ ಅಂತ ನಾನೂ ಓದಿದ್ದೆ. ಇಷ್ಟು ತಿಳಿದವನು ಸುಳ್ಳು ಹೇಳುತ್ತಾನೆ ಅಂತ ಯಾರಿಗೆ ಅನಿಸುತ್ತೆ ಹೇಳಿ? ಹಣ ಫೋನ್‌ಪೇ ಮಾಡಿದೆ. ಬಿಲ್ ನಾಳೆ ಕಳಿಸ್ತೀನಿ ಅಂದ. ಇವತ್ತಿಗೂ ಕೊಟ್ಟಿಲ್ಲ.

ಪಟ್ಟೆ ಬರಲೇ ಇಲ್ಲ. ಬಂದಿದ್ದು ಮೊಳಕೆ. ಗುಲಾಬಿ ಪಾತಿಯಲ್ಲಿ, ತುಳಸಿ ಕಟ್ಟೆಯ ಬುಡದಲ್ಲಿ, ಕಲ್ಲಿನ ಸಂದಿಯಲ್ಲಿ. ಹಾಸಿದ್ದ ಕರಿ ಪ್ಲಾಸ್ಟಿಕ್ ಹಾಳೆಯನ್ನೂ ಚುಚ್ಚಿಕೊಂಡು ಮೇಲೆದ್ದಿತ್ತು. ಪಕ್ಕದ ಮನೆ ಕಾಕಾ ಆಳಂದ ಕಡೆಯವರು, ತೊಗರಿ ಬೆಳೆದವರು. ಕುರ್ಪಿ ತಗೊಂಡು ಒಂದು ಬುಡ ಅಗೆದರು. ತಂತಿಯಂಥ ಬೇರು, ಅದರುದ್ದಕ್ಕೂ ಕಪ್ಪು ಗಡ್ಡೆಗಳು. ಒಂದನ್ನು ಉಗುರಿನಿಂದ ಗೀರಿ ಮೂಗಿನ ಹತ್ತಿರ ಹಿಡಿದರು, ಘಮ್ ಅಂತು.

"ತಂಗಿ, ಇದು ಜೇಕು. ಇದನ್ನ ರೊಕ್ಕ ಕೊಟ್ಟು ತಂದೀಯೇನು?"

ನನಗೆ ಮಾತೇ ಹೊರಡಲಿಲ್ಲ. ಅವರು ನಗಲಿಲ್ಲ. ಅದಕ್ಕೇ ಇನ್ನೂ ಜಾಸ್ತಿ ನಾಚಿಕೆಯಾಯಿತು.

ಅವನಿಗೆ ಫೋನ್ ಮಾಡಿದೆ. "ನಿಮ್ಮ ಮಣ್ಣಿನಾಗೇ ಇರಬೇಕ್ರಿ. ಎರಿ ಮಣ್ಣಿನಾಗ ಜೇಕು ಇರೋದೇ." ಪುಣ್ಯಕ್ಕೆ ನೆಡದೆ ಉಳಿದ ಚೀಲಗಳಿದ್ದವು. ಒಂದನ್ನು ಕತ್ತರಿಸಿ, ಒಳಗಿನ ಗಡ್ಡೆಯ ಫೋಟೊ ಕಳಿಸಿದೆ. ನೋಡಿದ, ಉತ್ತರ ಇಲ್ಲ. ಮತ್ತೆ ಮಾಡಿದಾಗ ಬಂದ ಮಾತು ಕೇಳಿ:

"ಜೇಕೂ ಸೆಡ್ಜೇ ಅಲ್ಲೇನ್ರಿ? ನೀವು ಸೆಡ್ಜ್ ಕೇಳಿದ್ರಿ, ನಾ ಸೆಡ್ಜ್ ಕೊಟ್ಟೀನಿ. ಸುಳ್ಳೇನು ಹೇಳೀನಿ?"

ಮೈ ಉರಿಯಿತು. ಯಾಕಂದ್ರೆ ಜೇಕು ಸೆಡ್ಜ್ ಕುಟುಂಬದ್ದೇ, ಶಾಸ್ತ್ರೀಯ ಹೆಸರು ಸೈಪರಸ್ ರೊಟುಂಡಸ್. ಹಂಗಂತ ಎರಡೂ ಒಂದೇನಾ? ಜೋಳದ ಬೀಜ ಕೇಳಿದವರಿಗೆ ಕರಿಕೆ ಕೊಟ್ಟು, ಎರಡೂ ಹುಲ್ಲಿನ ಜಾತಿ ಅಂದರೆ ನೀವು ಸುಮ್ನೆ ಇರ್ತೀರಾ? ಅಂದರೆ ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಆ ದಂಟು ನನ್ನ ಕೈಗೆ ಕೊಟ್ಟಿದ್ದು. ಕೊನೆಗೆ "ಬೇಕಾದ್ರ ಕ್ರೋಟನ್ ಒಯ್ರಿ, ರೊಕ್ಕ ವಾಪಸ್ ಇಲ್ಲ" ಅಂದು ನಂಬರ್ ಬ್ಲಾಕ್ ಮಾಡಿದ.

ಮೂರು ಮೂಲೆ ನೋಡಿ ನಂಬಬೇಡಿ. ಜೇಕಿಗೂ ಅದು ಇದೆ. ಎವರ್‌ಗೋಲ್ಡ್‌ಗೆ ಪಟ್ಟೆ ಸಣ್ಣ ಗಿಡದಲ್ಲೇ ಇರುತ್ತದೆ, ಬಿಸಿಲಿಗೆ ಹುಟ್ಟುವುದಿಲ್ಲ. ಅದಕ್ಕೆ ಬೇಕಾದ್ದು ಅರೆನೆರಳು, ತೇವ ಇದ್ದೂ ನೀರು ಬಸಿಯುವ ಮಣ್ಣು. ನಮ್ಮ ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಲ್ಲಿ ಇಟ್ಟರೆ ಸುಟ್ಟೇ ಹೋಗುತ್ತದೆ. ಯಾವ ಗಿಡವೇ ಆಗಲಿ, ಹಣ ಕೊಡುವ ಮೊದಲು ಒಂದು ಚೀಲ ಬಿಚ್ಚಿಸಿ ಬೇರು ನೋಡಿ. ಬಿಚ್ಚಲು ಒಪ್ಪದಿದ್ದರೆ ಎದ್ದು ಬನ್ನಿ. ಸೆಡ್ಜೇ ಬೇಕು ಅಂದರೆ ಛತ್ರಿಯಂತೆ ಎಲೆ ಬಿಡುವ ಅಂಬ್ರೆಲಾ ಪಾಮ್ ಇದೆ. ಆಫ್ರಿಕಾದ್ದು, ಗಟ್ಟಿ ಗಿಡ, ನೀರಿನ ತೊಟ್ಟಿಯಲ್ಲೂ ಬದುಕುತ್ತದೆ. ಪರಿಚಯದವರ ಹತ್ತಿರ ಆ ಗಿಡದ ಒಂದು ತಲೆ ಕತ್ತರಿಸಿ ತಂದು, ನೀರಲ್ಲಿ ತಲೆಕೆಳಗಾಗಿ ಇಟ್ಟರೆ ಬೇರು ಬಿಡುತ್ತದೆ. ಇಂಥವರಿಗೆ ಒಂದು ಪೈಸೆ ಕೊಡಬೇಕಿಲ್ಲ.

ಈಗಾಗಲೇ ಜೇಕು ಬಂದಿದ್ದರೆ ಮೇಲಿನ ಎಲೆ ಮಾತ್ರ ಕೀಳಬೇಡಿ, ಕೆಳಗಿನ ಗಡ್ಡೆ ಮತ್ತೆ ಚಿಗುರುತ್ತದೆ. ಹೆಚ್ಚಿನ ಗಡ್ಡೆ ಮೇಲಿನ ಅರ್ಧ ಅಡಿ ಮಣ್ಣಿನಲ್ಲೇ ಇರುತ್ತವೆ. ಅಗೆದು ತೆಗೆದು, ಮಾಳಿಗೆ ಮೇಲೆ ಬಿಸಿಲಿಗೆ ಚೆನ್ನಾಗಿ ಒಣಗಿಸಿ. ಗೊಬ್ಬರದ ಗುಂಡಿಗೆ ಹಾಕಲೇಬೇಡಿ. ಗ್ಲೈಫೋಸೇಟ್ ಅನ್ನೋ ಕಳೆನಾಶಕ ಹೊಡೆಯಲು ಹೋದರೆ ಪಕ್ಕದ ಗುಲಾಬಿಗೂ ತಾಗಿ ಅದೂ ಸಾಯುತ್ತದೆ. ನಾನು ಆಳು ಹಚ್ಚಿ ಮಣ್ಣು ಜರಡಿ ಹಿಡಿಸುತ್ತಿದ್ದೇನೆ. ಆ ಕೂಲಿಯೂ ನನ್ನ ಕೈಯಿಂದಲೇ!

ಇದೇ ರೀತಿ ಹಸಿರು ಚೀಲ ತಂದವರು ಇದ್ದರೆ, ಹಣ ಕಳಿಸಿದ ಸ್ಕ್ರೀನ್‌ಶಾಟ್, ಅವನ ಮೆಸೇಜು, ಒಂದು ಚೀಲ ತೆಗೆದಿಟ್ಟುಕೊಳ್ಳಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ನಾನಂತೂ ಹಾಕುತ್ತಿದ್ದೇನೆ.