ಹೆಬ್ಬೆಟ್ಟು ಒತ್ತುವ ಮುಂಚೆ ಇದನ್ನು ಓದಿ

ಬ್ಯಾಡಗಿ ಕಡೆಯ ನಮ್ಮ ಹಳ್ಳಿಯಲ್ಲಿ ನಡೆದದ್ದು. ಮನೆಯಲ್ಲಿ ಓದು ಬಾರದ ಹಿರಿಯರಿದ್ದರೆ ದಯವಿಟ್ಟು ಪೂರ್ತಿ ಓದಿ.

ನಮ್ಮ ಚಿಗವ್ವನಿಗೆ ಗೃಹಲಕ್ಷ್ಮಿ ದುಡ್ಡು ತಿಂಗಳಿಗೆ 2000 ರೂಪಾಯಿ ಖಾತೆಗೆ ಬರುತ್ತದೆ. ಬ್ಯಾಂಕಿಗೆ ಹೋದರೆ ಆ ದಿನದ ಕೂಲಿ ಹೋಯಿತು. ಅದಕ್ಕೇ ಊರಲ್ಲಿರುವ ಬ್ಯಾಂಕ್ ಮಿತ್ರನ (ಬ್ಯಾಂಕಿನ ಪರವಾಗಿ ಊರಲ್ಲೇ ದುಡ್ಡು ಕೊಡುವ ಏಜೆಂಟ್) ಹತ್ತಿರ ಆಧಾರ್ ನಂಬರ್ ಹೇಳಿ, ಹೆಬ್ಬೆಟ್ಟು ಒತ್ತಿ ದುಡ್ಡು ತಗೋತಿದ್ದಳು. ಅವನು ನಮ್ಮ ಊರಿನ ಹುಡುಗನೇ, ಎಲ್ಲರ ಮನೆಯಲ್ಲೂ ಉಂಡವನು.

ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಬೆರಳಿನ ಗೆರೆ ಸವೆದಿರುತ್ತದೆ, ಮಷಿನ್ ಒಂದೇ ಸಲಕ್ಕೆ ಹಿಡಿಯುವುದಿಲ್ಲ. ಇವನು ಅದನ್ನೇ ಬಳಸಿಕೊಂಡ. ಎರಡು ಮೂರು ಕಂತು ಒಟ್ಟಿಗೆ ಬಿದ್ದಾಗ, ಮೊದಲ ಸಲ ಒತ್ತಿದ್ದಕ್ಕೇ ದುಡ್ಡು ಕಟ್ ಆಗಿದ್ದರೂ ‘ಯವ್ವಾ, ಹಿಡೀವಲ್ದು, ಇನ್ನೊಮ್ಮೆ ಒತ್ತು’ ಅಂತ ಮತ್ತೆ ಒತ್ತಿಸಿ, ಒಂದು ಸಲದ್ದನ್ನು ಮಾತ್ರ ಕೈಗೆ ಕೊಡುತ್ತಿದ್ದ. ಕೆಲವೊಮ್ಮೆ ‘ಸರ್ವರ್ ಇಲ್ಲ, ನಾಳೆ ಬಾ’ ಅಂತ ಬರಿಗೈಲಿ ಕಳಿಸಿದ, ಆದರೆ ಪಾಸ್‌ಬುಕ್ಕಿನಲ್ಲಿ ಅದೇ ತಾರೀಖಿಗೆ ದುಡ್ಡು ತೆಗೆದ ಲೆಕ್ಕ ಇದೆ. ಕಂತು ತಡವಾಗುವುದು ಮಾಮೂಲಿ ಅಲ್ವಾ, ‘ಇನ್ನೂ ಬಂದಿಲ್ಲ’ ಅಂದರೆ ಯಾರು ಅನುಮಾನ ಪಡ್ತಾರೆ? ಮೆಸೇಜೂ ಬರಲಿಲ್ಲ. ಖಾತೆ ತೆರೆಯುವಾಗ ಫಾರ್ಮ್ ತುಂಬಿದವನು ಇವನೇ, ಅದರಲ್ಲಿ ಬರೆದ ಮೊಬೈಲ್ ನಂಬರೂ ಇವನದೇ!

ಹೀಗೆ ಕಳೆದುಕೊಂಡವರಲ್ಲಿ ವಿಧವೆಯರೇ ಜಾಸ್ತಿ. ಕೇಳುವವರಿಲ್ಲದವರನ್ನು ನೋಡಿಯೇ ಆರಿಸಿದ್ದಾನೆ, ನನಗೆ ಹೊಟ್ಟೆ ಉರಿಯುವುದು ಇದಕ್ಕೆ. ಊರ ಹಿರಿಯರು ‘ನಮ್ಮ ಹುಡುಗ, ಬಿಡ್ರಿ’ ಅಂದರು. ಬ್ಯಾಂಕಿನವರು ‘ಹೆಬ್ಬೆಟ್ಟು ಅವರದೇ ಅಲ್ಲೇನ್ರಿ’ ಅಂದರು. ಈ ಮಾತು ಒಪ್ಪಬೇಡಿ. ಬ್ಯಾಂಕ್ ಮಿತ್ರ ಮಾಡಿದ್ದಕ್ಕೆ ಅವನನ್ನು ನೇಮಿಸಿದ ಬ್ಯಾಂಕೇ ಹೊಣೆ ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ.

ಮೊದಲು ಪಾಸ್‌ಬುಕ್ ಎಂಟ್ರಿ ಮಾಡಿಸಿ, ಬ್ಯಾಂಕಿನಲ್ಲೇ ಮಾಡಿಸಿ, ಅವನ ಕೈಗೆ ಕೊಡಬೇಡಿ. ಖಾತೆಗೆ ಯಾವ ನಂಬರ್ ಜೋಡಿಸಿದ್ದಾರೆ ಅಂತ ಕೌಂಟರಿನಲ್ಲಿ ಕೇಳಿ. ಪ್ರತಿ ಸಲ ಚೀಟಿ ಇಸಿದುಕೊಳ್ಳಿ, ‘ಆಗಲಿಲ್ಲ’ ಅಂದರೂ ಆಗಲಿಲ್ಲ ಅನ್ನುವ ಚೀಟಿ ಕೇಳಿ. ಆಧಾರ್ ಆ್ಯಪಿನಲ್ಲಿ ಬೆರಳಚ್ಚು ಲಾಕ್ ಮಾಡಬಹುದು, ದುಡ್ಡು ತೆಗೆಯುವಾಗ ಮಾತ್ರ ತೆರೆದರೆ ಸಾಕು, ಆದರೆ ಅದಕ್ಕೆ ಆಧಾರ್‌ಗೆ ನಿಮ್ಮದೇ ಮೊಬೈಲ್ ಜೋಡಣೆ ಆಗಿರಬೇಕು. ದುಡ್ಡು ಹೋಗಿದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಚಿಗವ್ವನ ದೂರು ಬರಹದಲ್ಲಿ ಕೊಟ್ಟು, ಪ್ರತಿಯ ಮೇಲೆ ಬ್ಯಾಂಕಿನ ಸಿಕ್ಕಾ ಹಾಕಿಸಿಕೊಂಡಿದ್ದೇವೆ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಹತ್ತಿರ ಹೋಗುತ್ತೇವೆ. ನಮ್ಮ ಊರಿನವರು ಯಾರಾದರೂ ಓದುತ್ತಿದ್ದರೆ ಪಾಸ್‌ಬುಕ್ ಝೆರಾಕ್ಸ್ ತನ್ನಿ, ಅರ್ಜಿ ನಾನೇ ಬರೆದುಕೊಡ್ತೇನೆ.